ಮಂಕಾದ ಮನಸ್ಸು, ಜೋಮು ಹಿಡಿದ ಪಾದ: ವಿಟಮಿನ್ ಬಿ12 ಕೊರತೆ ಖಿನ್ನತೆಯಾಗಿ ಕಂಡ ಒಂದು ಪ್ರಕರಣ

ಇದು ಯಾರೋ ಒಬ್ಬ ರೋಗಿಯ ಆಸ್ಪತ್ರೆ ಕಡತವಲ್ಲ. ಸಸ್ಯಾಹಾರಿ ಮನೆಗಳಲ್ಲಿ, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮಾತ್ರೆ ನುಂಗಿದ ಮಧ್ಯವಯಸ್ಕರಲ್ಲಿ ಮತ್ತೆ ಮತ್ತೆ ಕಾಣುವ ಸ್ಥಿತಿಯನ್ನು ಒಬ್ಬ ಮಹಿಳೆಯ ಮೇಲಿಟ್ಟು ಬರೆದದ್ದು. ಇಲ್ಲಿನ ಅಂಕಿಗಳು ಇಂಥವರಲ್ಲಿ ಸಾಮಾನ್ಯವಾಗಿ ಸಿಗುವ ಮಟ್ಟದವು.

ಹಾವೇರಿ ಜಿಲ್ಲೆಯ ಸಣ್ಣ ಊರು. 54 ವರ್ಷದ ಮಹಿಳೆ, ತೂಕ 62 ಕೆಜಿ, ಮನೆಯಲ್ಲೇ ಹೊಲಿಗೆ ಕೆಲಸ. ಹುಟ್ಟಿನಿಂದ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಸಕ್ಕರೆ ಕಾಯಿಲೆ ಬಂದು 9 ವರ್ಷ. ದಿನಕ್ಕೆ 2 ಗ್ರಾಂ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಾರೆ. ಎದೆಯುರಿಗೆಂದು 4 ವರ್ಷದ ಹಿಂದೆ ಶುರುವಾದ ಪ್ಯಾಂಟೊಪ್ರಜೋಲ್ 40 ಮಿಲಿಗ್ರಾಂ ಮಾತ್ರೆಯನ್ನು ಯಾರೂ ನಿಲ್ಲಿಸಿಲ್ಲ. ಅದು ಹಲ್ಲುಜ್ಜಿದಷ್ಟೇ ಸಹಜವಾಗಿ ಬೆಳಗಿನ ಅಭ್ಯಾಸವಾಗಿ ಉಳಿದಿತ್ತು.

ಎಂಟು ತಿಂಗಳ ಹಿಂದಿನಿಂದ ಬೇಸರ, ಸುಸ್ತು, ಸಣ್ಣ ಮಾತಿಗೂ ಅಳು. "ಯಾವ್ದೂ ಬ್ಯಾಡ ಅನಸ್ತೈತ್ರಿ, ಅಡಗಿ ಮನಿಗೆ ಹೋಗಾಕ ಕಾಲ ಬರಂಗಿಲ್ಲ" ಎನ್ನುತ್ತಿದ್ದರು. ಬ್ಲೌಸಿನ ಅಳತೆ ಬರೆದಿಟ್ಟುಕೊಂಡರೂ ಕತ್ತರಿಸುವ ಹೊತ್ತಿಗೆ ತಪ್ಪುತ್ತಿತ್ತು. ಒಪ್ಪಿಕೊಂಡ ಬಟ್ಟೆಗಳನ್ನು ಹೊಲಿಯದೆ ವಾಪಸ್ ಕೊಟ್ಟಿದ್ದರು. ಮಗಳು ಬಾಣಂತನಕ್ಕೆ ಮನೆಗೆ ಬಂದಿದ್ದರಿಂದ ಕೆಲಸ ಹೆಚ್ಚಾಗಿದೆ, ಮುಟ್ಟು ನಿಂತ ವಯಸ್ಸು ಬೇರೆ, ಅದಕ್ಕೇ ಹೀಗೆ ಎಂದು ಮನೆಯವರು ತಿಳಿದಿದ್ದರು. ಮನೋವೈದ್ಯರು ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿ ಕೊಟ್ಟಾಗ 27ಕ್ಕೆ 18 ಅಂಕ ಬಂತು. 15ರಿಂದ 19ರವರೆಗೆ ಇದ್ದರೆ ಸಾಕಷ್ಟು ತೀವ್ರ ಖಿನ್ನತೆಯ ಗುಂಪು. ಖಿನ್ನತೆಯ ಮಾತ್ರೆ ಎಸ್ಸಿಟಲೊಪ್ರಾಮ್ 10 ಮಿಲಿಗ್ರಾಂ ಶುರುವಾಯಿತು. ಅದು ಸರಿಯಾದ ನಿರ್ಧಾರವೇ.

ಎಂಟು ವಾರಕ್ಕೆ ಅಂಕ 14ಕ್ಕೆ ಇಳಿಯಿತು. ಅಳು ನಿಂತಿತು, ನಿದ್ದೆ ಸುಧಾರಿಸಿತು. ಆದರೆ ಸುಸ್ತು, ಗಮನ ನಿಲ್ಲದಿರುವುದು, ಮಂದಗತಿ ಮೂರೂ ಇದ್ದಲ್ಲೇ ಇದ್ದವು. ಮಾತ್ರೆಯ ಪ್ರಮಾಣ ಇಮ್ಮಡಿ ಮಾಡುವ ಯೋಚನೆ ನಡೆದಿತ್ತು. ಆ ಭೇಟಿಯಲ್ಲೇ ಹೊಲಿಗೆ ಯಂತ್ರದ ಮಾತು ಬಂತು. ಪೆಡಲ್ ಮೇಲೆ ಕಾಲಿಟ್ಟಿದ್ದು ಗೊತ್ತೇ ಆಗುವುದಿಲ್ಲ, ಬಗ್ಗಿ ನೋಡಿ ತುಳಿಯಬೇಕು ಎಂದರು.

ಪಿಎಚ್‌ಕ್ಯೂ-9ರ ಒಂಬತ್ತು ಪ್ರಶ್ನೆಗಳಲ್ಲಿ ಐದು ನಿದ್ದೆ, ಸುಸ್ತು, ಹಸಿವು, ಏಕಾಗ್ರತೆ ಮತ್ತು ಚಲನೆಯ ಮಂದತೆಗೆ ಸಂಬಂಧಿಸಿದವು. ರಕ್ತಹೀನತೆ, ಥೈರಾಯ್ಡ್, ಪೋಷಕಾಂಶದ ಕೊರತೆ ಯಾವುದಿದ್ದರೂ ಈ ಐದರಲ್ಲಿ ಅಂಕ ಏರುತ್ತದೆ. ಆದ್ದರಿಂದ ಮೊತ್ತವನ್ನಷ್ಟೇ ನೋಡದೆ ಯಾವ ಪ್ರಶ್ನೆಯಲ್ಲಿ ಅಂಕ ಇಳಿಯದೆ ಉಳಿದಿದೆ ಎಂದು ನೋಡಬೇಕು. ಔಷಧ ಮನಸ್ಸಿನ ಭಾರ ಇಳಿಸಿದ ಮೇಲೂ ದೇಹದ ದೂರುಗಳು ಹಟ ಹಿಡಿದು ನಿಂತರೆ ಹುಡುಕಬೇಕಾದದ್ದು ಇನ್ನೂ ಇದೆ ಎಂದರ್ಥ.

ಪರೀಕ್ಷೆಯಲ್ಲಿ ಸಿಕ್ಕಿದ್ದು

ಪಾದದ ಜೋಮನ್ನು ಆವರೆಗೆ ಎಲ್ಲರೂ ಸಕ್ಕರೆ ಕಾಯಿಲೆಯ ಲೆಕ್ಕಕ್ಕೆ ಬರೆದಿದ್ದರು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಶೇ 7.1 ಇತ್ತು. ಇಷ್ಟು ಹಿಡಿತದಲ್ಲಿರುವ ಸಕ್ಕರೆ, ಕೆಲವೇ ತಿಂಗಳಲ್ಲಿ ನಡಿಗೆ ತಪ್ಪುವಷ್ಟು ನರದ ತೊಂದರೆ ತರುವುದು ಅಪರೂಪ. ಮುಖ ತೊಳೆಯುವಾಗ ಕಣ್ಣು ಮುಚ್ಚಿದರೆ ಓಲಾಡುತ್ತದೆಯೇ ಎಂದು ಕೇಳಿದಾಗ ಬಚ್ಚಲಲ್ಲಿ ಗೋಡೆ ಹಿಡಿದೇ ಮುಖ ತೊಳೆಯುವುದು ಎಂದರು. ಕಾಲು ಎಲ್ಲಿದೆ ಎಂಬ ಅರಿವನ್ನು ಮಿದುಳಿಗೆ ಒಯ್ಯುವ ಬೆನ್ನುಹುರಿಯ ಹಿಂಭಾಗದ ದಾರಿ ಕೆಟ್ಟರೆ ಆ ಕೆಲಸವನ್ನು ಕಣ್ಣು ಮಾಡುತ್ತಿರುತ್ತದೆ. ಕಣ್ಣು ಮುಚ್ಚಿದ ಕೂಡಲೇ ಕೊರತೆ ಬಯಲಾಗುತ್ತದೆ. 128 ಹರ್ಟ್ಸ್ ಶ್ರುತಿಕವೆಯ (ಟ್ಯೂನಿಂಗ್ ಫೋರ್ಕ್) ಕಂಪನ ಎರಡೂ ಹೆಬ್ಬೆರಳಲ್ಲಿ ತಿಳಿಯಲಿಲ್ಲ. ಸುತ್ತಿಗೆಯಿಂದ ತಟ್ಟಿದಾಗ ಹಿಮ್ಮಡಿಯ ಪ್ರತಿವರ್ತನ ಇಲ್ಲ, ಮೊಣಕಾಲಿನದು ಜೋರು. ಈ ಜೋಡಿ ಕಂಡರೆ ತೊಂದರೆ ಹೊರನರಗಳಲ್ಲಷ್ಟೇ ಅಲ್ಲ, ಬೆನ್ನುಹುರಿಯಲ್ಲೂ ಇದೆ ಎಂದು ಅನುಮಾನಿಸಬೇಕು.

ರಕ್ತದ ವರದಿ ಬಂತು. ಹಿಮೋಗ್ಲೋಬಿನ್ 11.4, ಕೆಂಪುಕಣದ ಸರಾಸರಿ ಗಾತ್ರ, ಅಂದರೆ ಎಂಸಿವಿ, 91. ಎಂಸಿವಿ ಮಟ್ಟಿಗೆ ಇದು ಪೂರ್ತಿ ಸಹಜ. ಬಿ12 ಕೊರತೆಯಾದರೆ ಕೆಂಪುಕಣ ದೊಡ್ಡದಾಗುತ್ತದೆ ಎಂದು ಪಾಠದಲ್ಲಿ ಓದಿದವರು ಇಲ್ಲೇ ಕೈಬಿಡುತ್ತಾರೆ. ಆದರೆ ಕಣಗಳ ಗಾತ್ರದಲ್ಲಿನ ಏರುಪೇರು ತೋರಿಸುವ ಆರ್‌ಡಿಡಬ್ಲ್ಯು 17.8 ಇತ್ತು, ಕಬ್ಬಿಣದ ಸಂಗ್ರಹ ತೋರಿಸುವ ಫೆರಿಟಿನ್ 14 ಇತ್ತು. ಕಬ್ಬಿಣದ ಕೊರತೆ ಕಣವನ್ನು ಚಿಕ್ಕದು ಮಾಡುತ್ತದೆ, ಬಿ12 ಕೊರತೆ ದೊಡ್ಡದು ಮಾಡುತ್ತದೆ. ಎರಡೂ ಕೂಡಿದರೆ ಸರಾಸರಿ ನಡುವೆ ಬಂದು ಕೂರುತ್ತದೆ. ರಕ್ತದ ಲೇಪನದಲ್ಲಿ ಕೋಶಕೇಂದ್ರದಲ್ಲಿ ಐದಾರು ಹಾಲೆಗಳಿರುವ ನ್ಯೂಟ್ರೊಫಿಲ್ ಎಂಬ ಬಿಳಿಕಣಗಳು ಕಂಡವು, ಬಿ12 ಕೊರತೆಯ ಈ ಗುರುತನ್ನು ಕಬ್ಬಿಣದ ಕೊರತೆ ಮುಚ್ಚಲಾರದು.

ಬಿ12 ಮಟ್ಟ ಮಿಲಿಲೀಟರಿಗೆ 128 ಪಿಕೊಗ್ರಾಂ. 200ಕ್ಕಿಂತ ಕೆಳಗಿದ್ದರೆ ಕೊರತೆ. 200ರಿಂದ 300ರ ನಡುವೆ ಇದ್ದರೆ ಅನುಮಾನದ ವಲಯ, ಆಗ ಬಿ12 ಕಡಿಮೆಯಾದರೆ ರಕ್ತದಲ್ಲಿ ಏರುವ ಹೋಮೊಸಿಸ್ಟೀನ್ ಅಥವಾ ಮೀಥೈಲ್‌ಮಲೋನಿಕ್ ಆಮ್ಲ ನೋಡಿ ತೀರ್ಮಾನಿಸಬೇಕು. ಇವರ ಹೋಮೊಸಿಸ್ಟೀನ್ 38 ಇತ್ತು, 15 ದಾಟಿದರೆ ಹೆಚ್ಚು. ಥೈರಾಯ್ಡ್ ತೋರಿಸುವ ಟಿಎಸ್‌ಎಚ್, ಮೂತ್ರಪಿಂಡ ತೋರಿಸುವ ಕ್ರಿಯಾಟಿನಿನ್, ರಕ್ತದ ಸೋಡಿಯಂ ಸರಿಯಿದ್ದವು. ವಿಟಮಿನ್ ಡಿ 18 ಇತ್ತು. ಅದನ್ನೂ ಸರಿಪಡಿಸಲಾಯಿತು, ಆದರೆ ಮನಸ್ಸಿನ ಮೇಲೆ ಅದರ ಪರಿಣಾಮದ ಬಗ್ಗೆ ಇರುವ ಸಾಕ್ಷ್ಯ ತೆಳುವಾದದ್ದು.

ರಕ್ತಹೀನತೆ ಇಲ್ಲದೆಯೂ ಬಿ12 ಕೊರತೆ ನರ ಮತ್ತು ಮನಸ್ಸನ್ನು ಕೆಡಿಸಬಲ್ಲದು ಎಂಬುದು ಹೊಸ ಸಂಗತಿಯಲ್ಲ. 1988ರಲ್ಲಿ ಲಿಂಡನ್‌ಬಾಮ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಿ12 ಕೊರತೆಯಿಂದ ನರ–ಮನಸ್ಸಿನ ತೊಂದರೆಯಾದ 141 ಮಂದಿ ಇದ್ದರು. ಅವರಲ್ಲಿ 40 ಮಂದಿಗೆ ರಕ್ತಹೀನತೆಯೂ ಇರಲಿಲ್ಲ, ದೊಡ್ಡ ಕೆಂಪುಕಣವೂ ಇರಲಿಲ್ಲ. ಹಾಗಿದ್ದೂ "ಹಿಮೋಗ್ಲೋಬಿನ್ ಚೆನ್ನಾಗಿದೆ, ಬಿ12 ಯಾಕೆ" ಎಂಬ ಮಾತು ಇಂದಿಗೂ ಕೇಳಿಬರುತ್ತದೆ.

ತಟ್ಟೆಯ ಲೆಕ್ಕ

ಎರಡು ಕೆಲಸದ ದಿನ, ಒಂದು ಭಾನುವಾರ, ಹೀಗೆ ಮೂರು ದಿನದ ಊಟ ಬರೆಸಲಾಯಿತು. ಜೋಳದ ರೊಟ್ಟಿ ದಿನಕ್ಕೆ ನಾಲ್ಕು, ಪುಂಡಿ ಪಲ್ಯ ಅಥವಾ ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ, ಒಂದು ಹೊತ್ತು ಅನ್ನ, ತೆಳ್ಳನೆ ಸಾರು. ಚಹಾ ನಾಲ್ಕು ಸಲ. ನೋಡಿದರೆ ಯಾರೂ ತಪ್ಪು ಹುಡುಕದ ಊಟ. ನಾರು ಇದೆ, ಸೊಪ್ಪು ಇದೆ, ಕರಿದದ್ದು ಕಡಿಮೆ. ಮೊಸರನ್ನು ಕಫ ಆಗುತ್ತದೆಂದು, ಹಾಲನ್ನು ಶುಗರ್ ಏರುತ್ತದೆಂದು ಬಿಟ್ಟು ಎರಡು ವರ್ಷವಾಗಿತ್ತು.

ಬಿ12 ಯಾವ ಕಾಳಿನಲ್ಲೂ ಸೊಪ್ಪಿನಲ್ಲೂ ಹಣ್ಣಿನಲ್ಲೂ ಇಲ್ಲ. ಅದನ್ನು ತಯಾರಿಸುವುದು ಸೂಕ್ಷ್ಮಜೀವಿಗಳು, ನಮಗೆ ಸಿಗುವುದು ಪ್ರಾಣಿಮೂಲದ ಆಹಾರದಿಂದ. ಇಡ್ಲಿ–ದೋಸೆ ಹಿಟ್ಟು ಹುದುಗಿದರೆ ಬಿ12 ಬರುತ್ತದೆ ಎಂಬ ನಂಬಿಕೆಯ ಮೇಲೆ ಭಾರ ಹಾಕುವಂತಿಲ್ಲ. ಸ್ಪಿರುಲಿನಾದಲ್ಲಿ ಇರುವುದು ಬಹುಪಾಲು ಮನುಷ್ಯನ ದೇಹಕ್ಕೆ ಕೆಲಸಕ್ಕೆ ಬಾರದ ನಕಲಿ ರೂಪ. ಸಸ್ಯಾಹಾರಿಗೆ ಉಳಿಯುವುದು ಹಾಲು, ಮೊಸರು, ಪನೀರು ಮತ್ತು ಬಿ12 ಸೇರಿಸಿದ ಆಹಾರ. 100 ಮಿಲೀ ಹಾಲಿನಲ್ಲಿ ಸುಮಾರು 0.45 ಮೈಕ್ರೊಗ್ರಾಂ ಇರುತ್ತದೆ. ಹೆಚ್ಚು ಹೊತ್ತು ಕುದಿಸಿದರೆ ಅದರಲ್ಲಿ ಮೂರನೇ ಒಂದು ಭಾಗ ಅಥವಾ ಇನ್ನೂ ಹೆಚ್ಚು ಹೋಗುತ್ತದೆ. ಇವರ ನಾಲ್ಕು ಲೋಟ ಚಹಾದಲ್ಲಿ ಒಟ್ಟು 160 ಮಿಲೀ ಹಾಲು. ಬೆಳಿಗ್ಗೆ ಕಾಯಿಸಿದ್ದನ್ನೇ ಸಂಜೆ ಮತ್ತೆ ಕಾಯಿಸಿ, ಚಹಾಪುಡಿ ಹಾಕಿ ಇನ್ನೊಮ್ಮೆ ಕುದಿಸಿದ್ದು. ಉಳಿಯುವುದು ಹೆಚ್ಚೆಂದರೆ 0.4.

ಇವರಿಗೆ ಪಡಿತರದಲ್ಲಿ ಸಿಗುತ್ತಿದ್ದ ಸಾರವರ್ಧಿತ ಅಕ್ಕಿಯಲ್ಲಿ ಕಬ್ಬಿಣ, ಫೋಲಿಕ್ ಆಮ್ಲದ ಜೊತೆ ಬಿ12 ಕೂಡ ಇತ್ತು, ಕೆಜಿಗೆ 0.75ರಿಂದ 1.25 ಮೈಕ್ರೊಗ್ರಾಂ. 100 ಗ್ರಾಂ ಅಕ್ಕಿಗೆ ಸುಮಾರು 0.1. ಸಣ್ಣದಾದರೂ ಲೆಕ್ಕಕ್ಕೆ ಬರುವ ಪ್ರಮಾಣ. ಆದರೆ ಈ ಮನೆಯಲ್ಲಿ ಈ ಪೋಷಕಾಂಶ ತುಂಬಿದ ಕಾಳುಗಳನ್ನು "ಪ್ಲಾಸ್ಟಿಕ್ ಅಕ್ಕಿ" ಎಂದು ಮೊರದಲ್ಲಿ ಆರಿಸಿ ಎಸೆಯುತ್ತಿದ್ದರು. ನೂರು ಕಾಳಿಗೆ ಒಂದರಂತೆ ಬೆರೆಸಿರುವುದೇ ಅದು, ಅದನ್ನೇ ಎಸೆದರೆ ಉಳಿಯುವುದು ಬರೀ ಅಕ್ಕಿ.

ವಯಸ್ಕರಿಗೆ ದಿನಕ್ಕೆ ಬೇಕಾದದ್ದು 2ರಿಂದ 2.5 ಮೈಕ್ರೊಗ್ರಾಂ. ಸಿಗುತ್ತಿದ್ದದ್ದು ಅರ್ಧ ಮೈಕ್ರೊಗ್ರಾಂಗೂ ಕಡಿಮೆ. ಪ್ರೋಟೀನ್ ಲೆಕ್ಕವೂ ಕಡಿಮೆಯೇ ಬಂತು: ಕೆಜಿ ತೂಕಕ್ಕೆ 0.83 ಗ್ರಾಂನಂತೆ 51 ಗ್ರಾಂ ಬೇಕು, ಸಿಗುತ್ತಿದ್ದದ್ದು 38ರ ಆಸುಪಾಸು.

ಮೂರು ಬಾಗಿಲು ಒಟ್ಟಿಗೆ ಮುಚ್ಚಿದ್ದು

ಊಟವೊಂದೇ ಕಾರಣವಾಗಿದ್ದರೆ ಇಷ್ಟು ಕೆಳಗೆ ಇಳಿಯಲು ಹೆಚ್ಚು ಕಾಲ ಹಿಡಿಯುತ್ತಿತ್ತು. ಯಕೃತ್ತಿನಲ್ಲಿ ವರ್ಷಗಳಿಗೆ ಸಾಕಾಗುವ ಬಿ12 ದಾಸ್ತಾನು ಇರುತ್ತದೆ. ಆಹಾರದ ಪ್ರೋಟೀನಿಗೆ ಅಂಟಿಕೊಂಡಿರುವ ಬಿ12 ಬಿಡಿಸಿಕೊಳ್ಳಲು ಜಠರದ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ಆ ಆಮ್ಲವನ್ನೇ ತಗ್ಗಿಸುತ್ತದೆ, ಕಬ್ಬಿಣ ಹೀರಿಕೆಗೂ ಅದರಿಂದ ಪೆಟ್ಟು. ಬಿಡಿಸಿಕೊಂಡ ಬಿ12 ಜಠರದಲ್ಲೇ ಸ್ರವಿಸುವ ಒಂದು ವಾಹಕ ಪ್ರೋಟೀನನ್ನು ಹಿಡಿದು ಸಣ್ಣ ಕರುಳಿನ ಕೊನೆಯವರೆಗೆ ಸಾಗಿ ಅಲ್ಲಿ ರಕ್ತ ಸೇರಬೇಕು. ಆ ಕೊನೆಯ ಹಂತಕ್ಕೆ ಮೆಟ್‌ಫಾರ್ಮಿನ್ ಅಡ್ಡ ಬರುತ್ತದೆ. ಪ್ರಮಾಣ ಹೆಚ್ಚಿದಷ್ಟೂ, ವರ್ಷ ಕಳೆದಷ್ಟೂ ಅದು ಜಾಸ್ತಿ. ಬರುವುದೇ ಕಡಿಮೆ, ಬಂದದ್ದು ಬಿಡುಗಡೆಯಾಗುವುದಿಲ್ಲ, ಬಿಡುಗಡೆಯಾದದ್ದು ಒಳಗೆ ಹೋಗುವುದಿಲ್ಲ.

ಒಳಗೆ ಹೋದ ಬಿ12ಗೆ ಮುಖ್ಯವಾಗಿ ಎರಡು ಕೆಲಸ. ಮೊದಲನೆಯದು ಹೋಮೊಸಿಸ್ಟೀನನ್ನು ಮೀಥಿಯೋನೀನ್ ಆಗಿಸುವುದು. ಅದರಿಂದ ಬರುವ ಎಸ್‌-ಅಡಿನೊಸಿಲ್‌ ಮೀಥಿಯೋನೀನ್ ಮಿದುಳಿನ ರಾಸಾಯನಿಕ ಸಂದೇಶವಾಹಕಗಳ ತಯಾರಿ–ವಿಲೇವಾರಿಗೂ ನರದ ಮಯೆಲಿನ್ ಹೊದಿಕೆಯ ನಿರ್ವಹಣೆಗೂ ಬೇಕು. ಮಂಕು ಮತ್ತು ಜೋಮು ಒಂದೇ ಮೂಲದಿಂದ ಬರಬಲ್ಲವು ಎನ್ನುವುದು ಇದಕ್ಕೇ. ಎರಡನೆಯದು ಕೆಲವು ಕೊಬ್ಬಿನಾಮ್ಲಗಳ ಚಯಾಪಚಯ. ಅದು ನಿಂತರೆ ಮೀಥೈಲ್‌ಮಲೋನಿಕ್ ಆಮ್ಲ ಏರುತ್ತದೆ.

ಇವರು ಸುಸ್ತಿಗೆಂದು ಆಗಾಗ ಕಬ್ಬಿಣ–ಫೋಲಿಕ್ ಆಮ್ಲದ ಮಾತ್ರೆಯನ್ನೂ ನುಂಗುತ್ತಿದ್ದರು, ಅದೂ ಚಹಾದ ಜೊತೆ. ಚಹಾದ ಟ್ಯಾನಿನ್ ಕಬ್ಬಿಣವನ್ನು ಹಿಡಿದಿಟ್ಟಿತು, ಫೋಲಿಕ್ ಆಮ್ಲ ಮಾತ್ರ ಒಳಗೆ ಹೋಯಿತು. ಬಿ12 ಕೊರತೆಯಿರುವವರಿಗೆ ಫೋಲಿಕ್ ಆಮ್ಲ ಒಂದನ್ನೇ ಕೊಟ್ಟರೆ ರಕ್ತ ಸುಧಾರಿಸಿದಂತೆ ಕಾಣುತ್ತದೆ, ನರದ ಹಾನಿ ಮುಂದುವರಿಯುತ್ತದೆ. 1940ರ ದಶಕದಲ್ಲಿ, ಬಿ12 ಇನ್ನೂ ಪ್ರತ್ಯೇಕವಾಗಿ ಸಿಗುವ ಮೊದಲು, ಬಿ12 ಹೀರಲಾಗದೆ ಬರುವ "ಮಾರಕ ರಕ್ತಹೀನತೆ"ಗೆ ಫೋಲಿಕ್ ಆಮ್ಲ ಕೊಟ್ಟ ವೈದ್ಯರು ಇದನ್ನು ಕಣ್ಣಾರೆ ಕಂಡರು.

ಚಿಕಿತ್ಸೆ, ದಿನಚರಿ

ನರದ ಲಕ್ಷಣ ಇದ್ದುದರಿಂದ ಮಾತ್ರೆಯ ಬದಲು ಇಂಜೆಕ್ಷನ್‌ನಿಂದಲೇ ಆರಂಭ. 1000 ಮೈಕ್ರೊಗ್ರಾಂ ಸ್ನಾಯುವಿಗೆ, ದಿನ ಬಿಟ್ಟು ದಿನ ಮೂರು ವಾರ, ನಂತರ ವಾರಕ್ಕೊಂದು ಎರಡು ತಿಂಗಳು, ಆಮೇಲೆ ದಿನಾ 1000 ಮೈಕ್ರೊಗ್ರಾಂ ಮಾತ್ರೆ. ಮಾತ್ರೆ ಇಷ್ಟು ದೊಡ್ಡ ಪ್ರಮಾಣದ್ದೇ ಆಗಬೇಕು. ವಾಹಕ ಪ್ರೋಟೀನಿನ ದಾರಿಯಲ್ಲಿ ಒಂದು ಸಲಕ್ಕೆ ಒಂದೂವರೆ–ಎರಡು ಮೈಕ್ರೊಗ್ರಾಂ ಮಾತ್ರ ಹೋಗುತ್ತದೆ. ಅದರಾಚೆಗೆ ನುಂಗಿದ್ದರ ಸುಮಾರು ಶೇ 1ರಷ್ಟು ತಾನಾಗಿ ಸೋಸಿ ಒಳಸೇರುತ್ತದೆ. 1000 ನುಂಗಿದರೆ ಹತ್ತರಷ್ಟು ಸಿಗುತ್ತದೆ. ಅಂಗಡಿಯ ಸಾಮಾನ್ಯ ಮಲ್ಟಿವಿಟಮಿನ್‌ಗಳಲ್ಲಿ ಅನೇಕವು ಒಂದೆರಡು ಮೈಕ್ರೊಗ್ರಾಂನವು. ಕೊರತೆ ತುಂಬಲು ಅವು ಸಾಲವು. ಪೊಟ್ಟಣದ ಮೇಲೆ ಅಂಕಿಯನ್ನಷ್ಟೇ ಅಲ್ಲ, ಮಿಲಿಗ್ರಾಂ ಮತ್ತು ಮೈಕ್ರೊಗ್ರಾಂ ಯಾವುದು ಎಂದೂ ಓದಿ.

ಎಸ್ಸಿಟಲೊಪ್ರಾಮ್ ನಿಲ್ಲಿಸಲಿಲ್ಲ, ಹೆಚ್ಚಿಸಲೂ ಇಲ್ಲ. ಮೆಟ್‌ಫಾರ್ಮಿನ್ ಮುಂದುವರಿಯಿತು, ಸಕ್ಕರೆಗೆ ಅದರಿಂದ ಆಗುವ ಉಪಕಾರ ದೊಡ್ಡದು. ಬಿ12 ಮಾತ್ರೆಯನ್ನು ಅದರ ಜೊತೆಗಾರನನ್ನಾಗಿ ಮಾಡಿದರೆ ಸಾಕು. ಪ್ಯಾಂಟೊಪ್ರಜೋಲನ್ನು ಒಂದೇ ದಿನ ಬಿಟ್ಟರೆ ಆಮ್ಲ ಮೊದಲಿಗಿಂತ ಹೆಚ್ಚಾಗಿ ಉಕ್ಕುತ್ತದೆ. "ಬಿಡೋಕೇ ಆಗಲ್ಲ" ಎಂದು ಜನ ಹೇಳುವುದು ಈ ಮರುಉಕ್ಕಿನಿಂದ. ವೈದ್ಯರ ಸಲಹೆಯಂತೆ 20 ಮಿಲಿಗ್ರಾಂಗೆ ಇಳಿಸಿ ನಾಲ್ಕು ವಾರ, ದಿನ ಬಿಟ್ಟು ದಿನ ಎರಡು ವಾರ, ನಂತರ ನಿಲುಗಡೆ. ರಾತ್ರಿ ಊಟ 10ರಿಂದ 8 ಗಂಟೆಗೆ ಬಂದದ್ದು ಇದಕ್ಕೆ ನೆರವಾಯಿತು. ಕಬ್ಬಿಣ 60 ಮಿಲಿಗ್ರಾಂ ದಿನ ಬಿಟ್ಟು ದಿನ, ನಿಂಬೆ ನೀರಿನೊಂದಿಗೆ, ಚಹಾಕ್ಕೂ ಮಾತ್ರೆಗೂ ಎರಡು ಗಂಟೆ ಅಂತರ. ದಿನಾ ನುಂಗುವುದಕ್ಕಿಂತ ಹೀಗೆ ನುಂಗಿದರೆ ಪ್ರತಿ ಮಾತ್ರೆಯಿಂದ ಹೀರಿಕೆ ಹೆಚ್ಚು, ಹೊಟ್ಟೆಯ ತೊಂದರೆ ಕಡಿಮೆ.

ಊಟದಲ್ಲಿ ಆದ ಬದಲಾವಣೆ ಚಿಕ್ಕದು. ಮಧ್ಯಾಹ್ನ ಒಂದು ಬಟ್ಟಲು ಮೊಸರು, 150 ಗ್ರಾಂ. ರಾತ್ರಿ ಒಮ್ಮೆ ಮಾತ್ರ ಕಾಯಿಸಿದ 200 ಮಿಲೀ ಹಾಲು, ಸಕ್ಕರೆ ಇಲ್ಲದೆ. ಇದರಲ್ಲಿರುವ ಸುಮಾರು 10 ಗ್ರಾಂ ಲ್ಯಾಕ್ಟೋಸಿಗೆ ಬದಲಾಗಿ ರಾತ್ರಿಯ ಅನ್ನ ಸ್ವಲ್ಪ ಕಡಿಮೆ. ನೆನೆಸಿ ಮೊಳಕೆ ಬರಿಸಿದ ಹೆಸರುಕಾಳು ಉಸಳಿ ಒಂದು ದಿನ, ಜುಣುಕ ಒಂದು ದಿನ. ಪ್ರೋಟೀನ್ 55 ಗ್ರಾಂ ದಾಟಿತು, ಬಿ12 ಎರಡರ ಹತ್ತಿರ ಬಂತು. ಮೊಟ್ಟೆಯ ಮಾತು ತೆಗೆಯಲಿಲ್ಲ, ತೆಗೆದಿದ್ದರೆ ಉಳಿದ ಸಲಹೆಗಳೂ ಕಿವಿಗೆ ಬೀಳುತ್ತಿರಲಿಲ್ಲ. ಊಟದಿಂದ ಮುಂದಿನ ಕೊರತೆ ತಡೆಯಬಹುದು. ಖಾಲಿಯಾದ ದಾಸ್ತಾನು ತುಂಬುವುದು ಔಷಧದ ಕೆಲಸ.

ಏನಾಯಿತು, ಎಲ್ಲಿ ಎಡವಿತು

ಎರಡನೇ ವಾರ ಜೋಮು ಹೆಚ್ಚಾಯಿತು. ಇಂಜೆಕ್ಷನ್ ಒಗ್ಗುತ್ತಿಲ್ಲ ಎಂದು ನಿಲ್ಲಿಸುವ ಹಂತಕ್ಕೆ ಮನೆಯವರು ಬಂದಿದ್ದರು. ಚೇತರಿಕೆ ಶುರುವಾಗುವಾಗ ಕೆಲವರಲ್ಲಿ ಹೀಗಾಗುತ್ತದೆ, ಇದನ್ನು ಮೊದಲೇ ಹೇಳಿಡಬೇಕು. ಅದೇ ವಾರ ಯಾರದೋ ಮಾತು ಕೇಳಿ ಬಿ12 ಪರೀಕ್ಷೆ ಮತ್ತೆ ಮಾಡಿಸಿದರು, 2000ಕ್ಕಿಂತ ಹೆಚ್ಚು ಬಂತು, ಎಲ್ಲರೂ ಗಾಬರಿ. ಇಂಜೆಕ್ಷನ್ ಕೊಟ್ಟ ಬೆನ್ನಿಗೆ ರಕ್ತದಲ್ಲಿ ಅದು ಇದ್ದೇ ಇರುತ್ತದೆ, ಆ ಅಂಕಿಯಿಂದ ಏನೂ ತಿಳಿಯದು. ಪರೀಕ್ಷೆ ಮಾಡಿಸಬೇಕಾದದ್ದು ಮೊದಲ ಸೂಜಿಗಿಂತ ಮುಂಚೆ. ಸುಸ್ತೆಂದ ಕೂಡಲೇ "ಶಕ್ತಿ ಇಂಜೆಕ್ಷನ್" ಹಾಕಿಸಿ ಆಮೇಲೆ ರಕ್ತ ಕೊಟ್ಟರೆ ಕಾಯಿಲೆ ಇದ್ದರೂ ವರದಿ ಸರಿಯಿದೆ ಎನ್ನುತ್ತದೆ. ಕೂದಲಿಗೆಂದು ಹೆಚ್ಚು ಪ್ರಮಾಣದ ಬಯೋಟಿನ್ ನುಂಗುವವರಲ್ಲೂ ಕೆಲವು ಯಂತ್ರಗಳು ಬಿ12 ಅಂಕಿಯನ್ನು ತಪ್ಪಾಗಿ ಏರಿಸಿ ತೋರಿಸುತ್ತವೆ.

ಮೂರನೇ ವಾರದ ಕೊನೆಗೆ ಸುಸ್ತು ಇಳಿಯತೊಡಗಿತು. ಆರನೇ ವಾರಕ್ಕೆ ಪಿಎಚ್‌ಕ್ಯೂ-9 ಅಂಕ 10, ಹನ್ನೆರಡನೇ ವಾರಕ್ಕೆ 6. ಬ್ಲೌಸಿನ ಅಳತೆ ತಪ್ಪುವುದು ನಿಂತಿತು. ಹೋಮೊಸಿಸ್ಟೀನ್ 13ಕ್ಕೆ ಬಂತು. ಕಣ್ಣು ಮುಚ್ಚಿ ನಿಲ್ಲಬಲ್ಲರು. ಆದರೆ ಹೆಬ್ಬೆರಳಿನ ಕಂಪನದ ಅರಿವು ಪೂರ್ತಿ ಮರಳಲಿಲ್ಲ. ಹಾನಿ ಹಳೆಯದಾದಷ್ಟೂ ಮರಳುವುದು ಕಡಿಮೆ. ಸಕ್ಕರೆಯ ಪಾಲೂ ಅದರಲ್ಲಿ ಇದ್ದಿರಬಹುದು.

ಈ ಸುಧಾರಣೆಯಲ್ಲಿ ಬಿ12 ಎಷ್ಟು, ಎಸ್ಸಿಟಲೊಪ್ರಾಮ್ ಎಷ್ಟು, ಕಬ್ಬಿಣ ಎಷ್ಟು ಎಂದು ಒಬ್ಬ ರೋಗಿಯಿಂದ ಬಿಡಿಸಿ ಹೇಳಲಾಗದು. ಜೋಮು, ಮರೆವು, ಹೋಮೊಸಿಸ್ಟೀನ್ ಮೂರೂ ಒಟ್ಟಿಗೆ ಇಳಿದದ್ದು ಬಿ12 ಕಡೆಗೆ ಬೆರಳು ತೋರಿಸುತ್ತದೆ, ಅಷ್ಟೇ. ಕೊರತೆಯೇ ಇಲ್ಲದವರಿಗೆ ಬಿ12 ಕೊಟ್ಟರೆ ಖಿನ್ನತೆ ಹೋಗುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಒಟ್ಟಾರೆ ಆಹಾರ ಸುಧಾರಣೆಯ ಬಗ್ಗೆ ಸ್ವಲ್ಪ ಉತ್ತಮ ಸಾಕ್ಷ್ಯವಿದೆ. ಆಸ್ಟ್ರೇಲಿಯಾದಲ್ಲಿ ಫೆಲಿಸ್ ಜಾಕಾ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 67 ಮಂದಿ ಇದ್ದರು. 12 ವಾರಗಳ ನಂತರ, ಆಹಾರ ಮಾರ್ಗದರ್ಶನ ಪಡೆದವರಲ್ಲಿ ಶೇ 32 ಮಂದಿಗೆ ಖಿನ್ನತೆ ಶಮನವಾಯಿತು, ಬರೀ ಮಾತುಕತೆಯ ಒಡನಾಟ ಸಿಕ್ಕವರಲ್ಲಿ ಶೇ 8. ಪ್ರಯೋಗ ಚಿಕ್ಕದು. ಯಾರು ಯಾವ ಗುಂಪು ಎಂದು ಭಾಗವಹಿಸಿದವರಿಗೆ ತಿಳಿದಿತ್ತು. ಬಹುಪಾಲು ಜನ ಔಷಧ ಅಥವಾ ಆಪ್ತಸಮಾಲೋಚನೆಯನ್ನೂ ಪಡೆಯುತ್ತಿದ್ದರು. ಮಾತ್ರೆ ಬಿಟ್ಟು ಊಟ ಸರಿಮಾಡಿಕೊಳ್ಳಿ ಎಂದು ಅದು ಹೇಳುವುದಿಲ್ಲ. ಸಾಯುವ ಯೋಚನೆ ಬರುತ್ತಿದ್ದರೆ ರಕ್ತದ ವರದಿಗಾಗಿ ಕಾಯಬಾರದು. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಒಂದು ಕೆಲಸ ಉಳಿದಿತ್ತು. ಅದೇ ಒಲೆಯ ಊಟ ಉಣ್ಣುವ ಮಗಳು ಐದು ತಿಂಗಳ ಕೂಸಿಗೆ ಎದೆಹಾಲು ಕುಡಿಸುತ್ತಿದ್ದಳು. ಬಾಣಂತಿ ಪಥ್ಯದಲ್ಲಿ ಮೊಸರು ಮಜ್ಜಿಗೆ ನಿಷಿದ್ಧ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಇರುವುದಿಲ್ಲ. ಹುಟ್ಟುವಾಗಲೇ ಕಡಿಮೆ ದಾಸ್ತಾನು ತಂದ ಕೂಸು ನಾಲ್ಕಾರು ತಿಂಗಳಲ್ಲಿ ನಗುವುದನ್ನು, ಕತ್ತು ನಿಲ್ಲಿಸುವುದನ್ನು ಮರೆಯತೊಡಗುತ್ತದೆ. ಚರ್ಮ ಕಪ್ಪಾಗುತ್ತದೆ, ಮುಂದೆ ಕೈಕಾಲು ನಡುಗುತ್ತವೆ. ಮಗಳ ಬಿ12 ಮಟ್ಟ 165 ಬಂತು. ಅವಳಿಗೆ ಇಂಜೆಕ್ಷನ್ ಶುರುವಾಯಿತು. ಕೂಸಿನ ಕತ್ತು ನಿಂತಿತ್ತು, ನಗು ಇತ್ತು. ಆದರೂ ಮಕ್ಕಳ ವೈದ್ಯರು ರಕ್ತ ಪರೀಕ್ಷಿಸಿ ಅದಕ್ಕೂ ಬಿ12 ಹನಿ ಬರೆದರು, ತಿಂಗಳಿಗೊಮ್ಮೆ ಬೆಳವಣಿಗೆ ನೋಡಲು ಕರೆದರು.